ಎದುರಂಗಡಿಯ ಉಪಕಾರ

ಮಕ್ಕಳು ಹನ್ನೆರಡನೆಯ ತರಗತಿಯನ್ನು ಮುಗಿಸಿ ಕಾಲೇಜಿನ ಮೆಟ್ಟಿಲೇರುವ ಕಾಲ ಬಂದಿತೆಂದರೆ ಗಡಿನಾಡಿನ ನಮ್ಮ ಮನೆಗಳಲ್ಲಿ ಈಚೆಗೆ ಒಂದು ಹೊಸ ಚಿಂತೆ ತಲೆದೋರುತ್ತದೆ. ಮಗನಿಗೋ ಮಗಳಿಗೋ ಒಂದು ಲ್ಯಾಪ್‌ಟಾಪ್ ಕೊಡಿಸಬೇಕು. ಅದಕ್ಕೆ ತಗಲುವ ನಲವತ್ತು, ಐವತ್ತು ಸಾವಿರ ರೂಪಾಯಿಗಳು ಸಾಮಾನ್ಯ ಕುಟುಂಬಕ್ಕೆ ಸಣ್ಣ ಮೊತ್ತವಲ್ಲ. ವರ್ಷದ ಫಸಲಿನಿಂದಲೋ ಸಹಕಾರಿ ಸಂಘದ ಸಾಲದಿಂದಲೋ ಬರತಕ್ಕ ಹಣವದು. ಅಂಗಡಿಯವನು ಯಂತ್ರದ ಮೈಮೇಲಿನ ಚಿಕ್ಕ ಚೀಟಿಯನ್ನು ತೋರಿಸಿ, ಇದು ಇಂಟೆಲ್, ಇದು ಎ.ಎಂ.ಡಿ. ಎನ್ನುತ್ತಾನೆ. ಹಿರಿಯರಿಗೆ ಎರಡೂ ಅಪರಿಚಿತ. ಆಗ ಬರುವ ಪ್ರಶ್ನೆ ಇದು: “ಮಾಷ್ಟ್ರೇ, ಇವುಗಳಲ್ಲಿ ಯಾವುದು ಒಳ್ಳೆಯದು?”

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಆ ಎರಡು ಹೆಸರುಗಳ ಹಿಂದೆ ಅರ್ಧ ಶತಮಾನಕ್ಕೂ ಮಿಕ್ಕಿದ ಪೈಪೋಟಿಯ ಕಥೆಯಿದೆ. ಅದನ್ನು ತಿಳಿದವನು ಅಂಗಡಿಯಲ್ಲಿ ಮೋಸಹೋಗುವುದು ಕಡಿಮೆ. ಆದುದರಿಂದ ಈ ತಿಂಗಳು ಆ ವಿಷಯವನ್ನು ಕುರಿತು ನಾಲ್ಕು ಮಾತು.

ಗಣಕಯಂತ್ರದ ಸಕಲ ಲೆಕ್ಕಾಚಾರವನ್ನೂ ನಡೆಸುವ ಅಂಗವೇ ಪ್ರೊಸೆಸರ್. ಅದೊಂದು ಸಣ್ಣ ಸಿಲಿಕಾನ್ ಬಿಲ್ಲೆ. ವಿದ್ಯುತ್ತನ್ನು ಹರಿಯಗೊಡುವ ಅಥವಾ ತಡೆಯುವ ಟ್ರಾನ್ಸಿಸ್ಟರುಗಳೆಂಬ ಅತಿ ಸೂಕ್ಷ್ಮ ಸ್ವಿಚ್ಚುಗಳನ್ನು ಅದರ ಮೇಲೆ ಮೂಡಿಸಿರುತ್ತಾರೆ. ಜಪಾನಿನ ಬಿಸಿಕಾಂ ಎಂಬ ಕಂಪೆನಿಯ ಲೆಕ್ಕದ ಯಂತ್ರಕ್ಕಾಗಿ ಇಂಟೆಲ್ ರೂಪಿಸಿ 1971ರಲ್ಲಿ ಮಾರುಕಟ್ಟೆಗೆ ತಂದ 4004 ಎಂಬ ಚಿಪ್ಪಿನಲ್ಲಿ ಇಂತಹ ಸ್ವಿಚ್ಚುಗಳು ಸುಮಾರು 2,300 ಇದ್ದವು. ಇಂದಿನ ಲ್ಯಾಪ್‌ಟಾಪಿನ ಪ್ರೊಸೆಸರಿನಲ್ಲಿ ಅವು ನೂರಾರು ಕೋಟಿ. ಪ್ರತಿಯೊಂದು ಬಗೆಯ ಪ್ರೊಸೆಸರಿಗೂ ತನ್ನದೇ ಆದ ಆಜ್ಞೆಗಳ ಭಾಷೆಯೊಂದುಂಟು. ಒಂದರ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಇನ್ನೊಂದಕ್ಕೆ ನೇರವಾಗಿ ಅರ್ಥವಾಗದು. ಮನೆಯಲ್ಲೊಂದು, ಪೇಟೆಯಲ್ಲೊಂದು, ಕಛೇರಿಯಲ್ಲೊಂದು ಭಾಷೆಯಿಟ್ಟುಕೊಂಡು ಬಾಳುವ ನಮಗೆ ಇದರ ತೊಡಕನ್ನು ವಿವರಿಸಬೇಕಾಗಿಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಇಂಟೆಲ್ ಮತ್ತು ಎ.ಎಂ.ಡಿ. ಒಂದೇ ಗರಡಿಯಲ್ಲಿ ಪಳಗಿದವರು ಕಟ್ಟಿದ ಕಂಪೆನಿಗಳು. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಫೇರ್‌ಚೈಲ್ಡ್ ಎಂಬ ಸಂಸ್ಥೆಯಲ್ಲಿದ್ದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಅದನ್ನು ಬಿಟ್ಟು 1968ರಲ್ಲಿ ಇಂಟೆಲನ್ನು ಸ್ಥಾಪಿಸಿದರು. ಮರುವರ್ಷ ಅದೇ ಸಂಸ್ಥೆಯಿಂದ ಹೊರಬಂದ ಜೆರಿ ಸ್ಯಾಂಡರ್ಸ್ ಏಳು ಮಂದಿ ಸಹೋದ್ಯೋಗಿಗಳೊಡನೆ ಎ.ಎಂ.ಡಿ.ಯನ್ನು ಆರಂಭಿಸಿದರು.

ಇವೆರಡನ್ನೂ ಒಂದೇ ಕಣದಲ್ಲಿ ನಿಲ್ಲಿಸಿದುದು ಕೊಳ್ಳುವವನೊಬ್ಬನ ಜಾಣತನ. 1981ರಲ್ಲಿ ಐ.ಬಿ.ಎಂ. ಕಂಪೆನಿ ತನ್ನ ಮೊದಲ ವೈಯಕ್ತಿಕ ಗಣಕಯಂತ್ರಕ್ಕೆ ಇಂಟೆಲಿನ 8088 ಎಂಬ ಪ್ರೊಸೆಸರನ್ನು ಆರಿಸಿತು. ಆದರೆ ಮುಖ್ಯವಾದ ಭಾಗವನ್ನು ಒಬ್ಬನೇ ವರ್ತಕನಿಂದ ಕೊಳ್ಳುವುದು ಅದಕ್ಕೆ ಒಪ್ಪಿಗೆಯಾಗಲಿಲ್ಲ. ಅವನ ಕಾರ್ಖಾನೆ ನಿಂತುಹೋದರೇನು ಗತಿ? ಅವನು ಬೆಲೆಯನ್ನು ಏರಿಸಿದರೆ ಯಾರ ಬಳಿಗೆ ಹೋಗುವುದು? ಆದುದರಿಂದ ಅದೇ ಚಿಪ್ಪನ್ನು ತಯಾರಿಸುವ ಎರಡನೆಯ ಕಂಪೆನಿಯೊಂದು ಇರಲೇಬೇಕೆಂದು ಅದು ಪಟ್ಟುಹಿಡಿಯಿತು. ಇದರ ಫಲವಾಗಿ 1982ರಲ್ಲಿ ಇಂಟೆಲ್ ಮತ್ತು ಎ.ಎಂ.ಡಿ.ಗಳ ನಡುವೆ ತಂತ್ರಜ್ಞಾನವನ್ನು ಹಂಚಿಕೊಳ್ಳುವ ಒಪ್ಪಂದವಾಯಿತು. ಇಂಟೆಲಿನ ಭಾಷೆಯನ್ನು ಅರಿತ ಎರಡನೆಯ ಪ್ರೊಸೆಸರ್ ಇಂದಿಗೂ ಮಾರುಕಟ್ಟೆಯಲ್ಲಿದ್ದರೆ ಅದರ ಬೇರು ಈ ಒಪ್ಪಂದದಲ್ಲಿದೆ.

ಕಾಸರಗೋಡಿನ ಕಡೆಯ ಅಡಿಕೆ ಬೆಳೆಗಾರರಿಗೆ ಈ ತತ್ತ್ವ ಹೊಸತಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ, ವ್ಯಾಪಾರಿ ಹೇಳಿದ ಬೆಲೆಗೆ ತಲೆಬಾಗುವುದರ ಹೊರತು ಬೆಳೆಗಾರನಿಗೆ ಬೇರೆ ದಾರಿಯಿರಲಿಲ್ಲ. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ಅಡಿಕೆಗೆ ಇನ್ನೊಬ್ಬ ಗ್ರಾಹಕ ದೊರೆತ. ತನ್ನ ಅಡಿಕೆಯನ್ನು ಕ್ಯಾಂಪ್ಕೋಗೆ ಕೊಡದೆ ಹಳೆಯ ವ್ಯಾಪಾರಿಗೇ ಕೊಟ್ಟವನಿಗೂ ಅದರಿಂದ ಉಪಕಾರವಾಯಿತು. ಎದುರಿಗೆ ಇನ್ನೊಬ್ಬನಿದ್ದಾನೆಂಬ ಅರಿವು ವ್ಯಾಪಾರಿಯ ನಾಲಗೆಯನ್ನು ಹಿಡಿತದಲ್ಲಿಟ್ಟಿತು. ಅಲ್ಲಿ ಮಾರುವವನಿಗೆ ಇಬ್ಬರು ಕೊಳ್ಳುವವರು ಬೇಕಾಗಿತ್ತು, ಇಲ್ಲಿ ಕೊಳ್ಳುವವನಿಗೆ ಇಬ್ಬರು ಮಾರುವವರು ಬೇಕು. ವ್ಯತ್ಯಾಸ ಅಷ್ಟೇ.

ಎರಡನೆಯವನ ಇರವು ಮೊದಲನೆಯವನಿಗೆ ಎಂದೂ ಹಿತವಾಗಿರುವುದಿಲ್ಲ. 1985ರಲ್ಲಿ 386 ಎಂಬ ಹೊಸ ಪ್ರೊಸೆಸರನ್ನು ತಂದಾಗ ಇಂಟೆಲ್ ಅದರ ವಿನ್ಯಾಸವನ್ನು ಎ.ಎಂ.ಡಿ.ಗೆ ಕೊಡಲು ನಿರಾಕರಿಸಿತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಎ.ಎಂ.ಡಿ.ಯ ಇಂಜಿನಿಯರುಗಳು ತಮ್ಮದೇ ರೀತಿಯಲ್ಲಿ ಆ ಚಿಪ್ಪನ್ನು ರೂಪಿಸಿ 1991ರಲ್ಲಿ ಮಾರುಕಟ್ಟೆಗೆ ತಂದರು. ವೇಗದಲ್ಲಿ ಅದು ಇಂಟೆಲಿನದನ್ನು ಮೀರಿಸಿತ್ತು. ನ್ಯಾಯಾಲಯದ ಹೋರಾಟ 1995ರಲ್ಲಿ ರಾಜಿಯಲ್ಲಿ ಮುಗಿಯಿತು.

1993ರಲ್ಲಿ ಇಂಟೆಲಿನ ಪೆಂಟಿಯಂ ಬಂದಿತು. ಅದರ ನಿರ್ಮಾಣದ ಮುಂದಾಳುಗಳಲ್ಲೊಬ್ಬರು ಪುಣೆಯಲ್ಲಿ ಹುಟ್ಟಿ ದಿಲ್ಲಿಯಲ್ಲಿ ಇಂಜಿನಿಯರಿಂಗ್ ಓದಿದ ವಿನೋದ್ ಧಾಮ್. 1995ರಲ್ಲಿ ಅವರು ಇಂಟೆಲನ್ನು ಬಿಟ್ಟು ನೆಕ್ಸ್‌ಜೆನ್ ಎಂಬ ಸಣ್ಣ ಕಂಪೆನಿಗೆ ಸೇರಿದರು. ಆ ಕಂಪೆನಿಯನ್ನು ಎ.ಎಂ.ಡಿ. ಕೊಂಡುಕೊಂಡಿತು. ಹೀಗೆ ಪೆಂಟಿಯಂ ಕಟ್ಟಿದವರೇ ಪೆಂಟಿಯಮ್ಮಿಗೆ ಎದುರಾಳಿಯಾಗಿ 1997ರಲ್ಲಿ ಬಂದ ಕೆ-6 ಪ್ರೊಸೆಸರಿನ ಕೆಲಸದಲ್ಲಿ ಪಾಲ್ಗೊಂಡರು. 2000ದ ಮಾರ್ಚಿಯಲ್ಲಿ ಸೆಕೆಂಡಿಗೆ ನೂರು ಕೋಟಿ ಮಿಡಿತಗಳ ವೇಗವನ್ನು ಎ.ಎಂ.ಡಿ. ಮೊದಲು ಮುಟ್ಟಿತು, ಇಂಟೆಲ್ ಎರಡೇ ದಿನಗಳ ಅನಂತರ ಮುಟ್ಟಿತು. ಪೈಪೋಟಿ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದಾದ ಮೇಲೆ ಬಂದುದು ಭಾಷೆಯ ಪ್ರಶ್ನೆ. ಗಣಕಯಂತ್ರಗಳು 32 ಬಿಟ್ಟುಗಳ ಲೆಕ್ಕದಿಂದ 64 ಬಿಟ್ಟುಗಳ ಲೆಕ್ಕಕ್ಕೆ ಬೆಳೆಯಬೇಕಾಗಿತ್ತು. ಇಂಟೆಲ್ ಹಳೆಯ ಭಾಷೆಯನ್ನು ಬದಿಗಿರಿಸಿ ಇಟೇನಿಯಂ ಎಂಬ ಹೊಸ ಪ್ರೊಸೆಸರನ್ನು 2001ರಲ್ಲಿ ತಂದಿತು. ಹಳೆಯ ಪ್ರೋಗ್ರಾಮುಗಳು ಅದರಲ್ಲಿ ಕುಂಟುತ್ತ ನಡೆದವು. ಎ.ಎಂ.ಡಿ. ಹಳೆಯ ಭಾಷೆಯನ್ನೇ ವಿಸ್ತರಿಸಿ 2003ರಲ್ಲಿ ಆಪ್ಟೆರಾನ್ ಎಂಬ ಪ್ರೊಸೆಸರನ್ನು ಕೊಟ್ಟಿತು. ಹಳೆಯ ಮನೆಯನ್ನು ಕೆಡವದೆ ಅದರ ಮೇಲೆ ಮಾಳಿಗೆ ಕಟ್ಟಿದಂತಾಯಿತು. ಜನರು ಅದನ್ನೇ ಮೆಚ್ಚಿದರು. ಮರುವರ್ಷ ಇಂಟೆಲ್ ತಾನೂ ಆ ವಿಸ್ತರಣೆಯನ್ನು ಅಂಗೀಕರಿಸಬೇಕಾಯಿತು. ಎರಡನೆಯ ಅಂಗಡಿ ಇಲ್ಲದಿದ್ದರೆ ಲೋಕವೆಲ್ಲ ಇಟೇನಿಯಮ್ಮಿನ ಹಿಂದೆಯೇ ಹೋಗಬೇಕಾಗುತ್ತಿತ್ತು.

ಇಷ್ಟಾದರೂ ಎ.ಎಂ.ಡಿ.ಯ ಮಾರಾಟ ಅದರ ಸರಕಿನ ಗುಣಕ್ಕೆ ತಕ್ಕಷ್ಟು ಬೆಳೆಯಲಿಲ್ಲ. ಗಣಕಯಂತ್ರ ತಯಾರಕರಿಗೆ ಇಂಟೆಲ್ ರಿಯಾಯಿತಿಗಳ ಆಮಿಷವೊಡ್ಡಿ ತನ್ನ ದಾರಿಯನ್ನು ಮುಚ್ಚುತ್ತಿದೆಯೆಂದು ಅದು 2005ರಲ್ಲಿ ಮೊಕದ್ದಮೆ ಹೂಡಿತು. 2009ರಲ್ಲಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ವರ್ಷ ಯೂರೋಪಿನ ಆಯೋಗ 106 ಕೋಟಿ ಯೂರೋಗಳ ದಂಡವನ್ನೂ ವಿಧಿಸಿತು. ಆ ದಂಡವನ್ನು ಯೂರೋಪಿನ ನ್ಯಾಯಾಲಯ 2022ರಲ್ಲಿ ರದ್ದುಪಡಿಸಿತು. ನ್ಯಾಯಾನ್ಯಾಯಗಳ ವಿಚಾರ ಹೇಗೇ ಇರಲಿ, ಅಷ್ಟರಲ್ಲಿ ಎ.ಎಂ.ಡಿ. ಸೊರಗಿತ್ತು. 2006ರಲ್ಲಿ ಇಂಟೆಲಿನ ಕೋರ್-2 ಪ್ರೊಸೆಸರ್ ಅದನ್ನು ಹಿಂದೆ ಹಾಕಿತು. ಅದು ತನ್ನ ಕಾರ್ಖಾನೆಗಳನ್ನು ಪ್ರತ್ಯೇಕ ಕಂಪೆನಿಗೆ ಒಪ್ಪಿಸಿತು. 2011ರಲ್ಲಿ ತಂದ ಬುಲ್‌ಡೋಝರ್ ಎಂಬ ವಿನ್ಯಾಸ ನಿರಾಶೆಯನ್ನುಂಟುಮಾಡಿತು. 2013ರಲ್ಲಿ ಆಸ್ಟಿನ್ ನಗರದಲ್ಲಿದ್ದ ತನ್ನ ಕಛೇರಿಯ ಕಟ್ಟಡಗಳನ್ನೇ ಮಾರಿ ಬಾಡಿಗೆಗೆ ಕೂತುಕೊಂಡಿತು. 2015ರಲ್ಲಿ ಅದರ ಒಂದು ಷೇರಿನ ಬೆಲೆ ಎರಡು ಡಾಲರಿಗಿಂತ ಕೆಳಗಿಳಿಯಿತು.

ಎದುರಂಗಡಿಯ ಬಾಗಿಲು ಅರ್ಧ ಮುಚ್ಚಿದಾಗ ಕೊಳ್ಳುವವರ ಪಾಡೇನಾಯಿತು? ಇಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕು. ಒಂದು ಪ್ರೊಸೆಸರಿನೊಳಗೆ ಏಕಕಾಲಕ್ಕೆ ದುಡಿಯುವ ಘಟಕಗಳಿಗೆ ಕೋರ್‌ಗಳೆಂದು ಹೆಸರು. ಮನೆಬಳಕೆಯ ಮೇಜಿನ ಗಣಕಯಂತ್ರಗಳಿಗೆ ನಾಲ್ಕು ಕೋರ್‌ಗಳ ಪ್ರೊಸೆಸರನ್ನು ಇಂಟೆಲ್ 2007ರ ಹೊತ್ತಿಗೇ ಮಾರುತ್ತಿತ್ತು. ಹತ್ತು ವರ್ಷ ಕಳೆದು 2017ರ ಆರಂಭ ಬಂದಾಗಲೂ ಆ ವರ್ಗದ ಗ್ರಾಹಕರಿಗೆ ಅದು ಕೊಡುತ್ತಿದ್ದುದು ನಾಲ್ಕೇ ಕೋರ್. ಎಂಟು ಕೋರ್ ಬೇಕೆಂದವನು ಚಿಪ್ಪೊಂದಕ್ಕೇ ಸಾವಿರ ಡಾಲರಿಗೂ ಹೆಚ್ಚು ತೆರಬೇಕಾಗಿತ್ತು. ಹತ್ತು ವರ್ಷಗಳಲ್ಲಿ ಪ್ರೊಸೆಸರುಗಳು ಸುಧಾರಿಸಲೇ ಇಲ್ಲವೆಂದಲ್ಲ. ಸುಧಾರಣೆ ಆಮೆಯ ನಡಿಗೆಯಲ್ಲಿ ಸಾಗಿತು. ಅವಸರಪಡಿಸುವವರು ಯಾರೂ ಇರಲಿಲ್ಲ.

2014ರಲ್ಲಿ ಎ.ಎಂ.ಡಿ.ಯ ಆಡಳಿತವನ್ನು ಲೀಸಾ ಸು ಎಂಬ ಮಹಿಳೆ ವಹಿಸಿಕೊಂಡರು. ತೈವಾನಿನ ತೈನಾನ್ ನಗರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕೆಗೆ ಹೋಗಿ, ಅಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿದವರವರು. ಹತ್ತಾರು ಕಡೆ ಹರಿದುಹೋಗುತ್ತಿದ್ದ ಶ್ರಮವನ್ನು ಅವರು ಕೆಲವೇ ಕೆಲಸಗಳ ಮೇಲೆ ಕೇಂದ್ರೀಕರಿಸಿದರು. 2017ರ ಮಾರ್ಚಿಯಲ್ಲಿ ರೈಝೆನ್ ಎಂಬ ಪ್ರೊಸೆಸರ್ ಹೊರಬಂದಿತು: ಎಂಟು ಕೋರ್, ಬೆಲೆ 499 ಡಾಲರ್. ಏಳು ತಿಂಗಳು ಕಳೆಯುವಷ್ಟರಲ್ಲಿ ಇಂಟೆಲ್ ಆರು ಕೋರ್‌ಗಳದ್ದನ್ನು ತಂದಿತು. ಮರುವರ್ಷ ಎಂಟು ಕೋರ್‌ಗಳದ್ದನ್ನು. ಹತ್ತು ವರ್ಷ ಅಲುಗದಿದ್ದ ಬಂಡಿ ಎರಡು ವರ್ಷಗಳೊಳಗೆ ಎರಡು ಮಜಲು ದಾಟಿತು. ಇದರ ಲಾಭ ಎ.ಎಂ.ಡಿ. ಕೊಂಡವರಿಗೆ ಎಷ್ಟಾಯಿತೋ ಇಂಟೆಲ್ ಕೊಂಡವರಿಗೂ ಅಷ್ಟೇ ಆಯಿತು. ಎದುರಂಗಡಿಯ ಉಪಕಾರವೆಂದರೆ ಇದು.

ಅಲ್ಲಿಂದ ಮುಂದೆ ಇಳಿದಿದ್ದ ತಟ್ಟೆ ಏರಿತು, ಏರಿದ್ದುದು ಇಳಿಯಿತು. ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಬಳಸುವ ಸರ್ವರ್ ಗಣಕಯಂತ್ರಗಳಲ್ಲಿ 2017ರಲ್ಲಿ ಎ.ಎಂ.ಡಿ.ಯ ಪಾಲು ನೂರಕ್ಕೆ ಒಂದರ ಆಸುಪಾಸಿನಲ್ಲಿತ್ತು. 2024ರ ಕೊನೆಗೆ ಅದು ಸುಮಾರು ನಾಲ್ಕರಲ್ಲೊಂದಾಯಿತು. ಇತ್ತ ಇಂಟೆಲ್ 10 ನ್ಯಾನೋಮೀಟರ್ ಎಂದು ಕರೆಯಲಾದ ಸೂಕ್ಷ್ಮತರ ತಯಾರಿಕಾ ವಿಧಾನದಲ್ಲಿ ಎಡವಿ ವರ್ಷಗಟ್ಟಲೆ ಹಿಂದುಳಿಯಿತು. 2024ರಲ್ಲಿ ಅದು ಸುಮಾರು 1,880 ಕೋಟಿ ಡಾಲರುಗಳ ನಷ್ಟವನ್ನು ತೋರಿಸಿತು, ಸಹಸ್ರಾರು ಕೆಲಸಗಾರರನ್ನು ಕಳೆದುಕೊಂಡಿತು. ಆ ವರ್ಷದ ನವೆಂಬರಿನಲ್ಲಿ ಅಮೆರಿಕೆಯ ಡೌ ಜೋನ್ಸ್ ಷೇರು ಸೂಚ್ಯಂಕದಲ್ಲಿ ಇಂಟೆಲಿನ ಸ್ಥಾನ ಎನ್ವಿಡಿಯಾ ಕಂಪೆನಿಯ ಪಾಲಾಯಿತು. 2025ರ ಆಗಸ್ಟಿನಲ್ಲಿ ಅಮೆರಿಕೆಯ ಸರಕಾರವೇ ಇಂಟೆಲಿನ ಸುಮಾರು ಹತ್ತರಲ್ಲೊಂದು ಪಾಲನ್ನು ತೆಗೆದುಕೊಳ್ಳುವ ನಿರ್ಧಾರವಾಯಿತು. ಸೆಪ್ಟೆಂಬರಿನಲ್ಲಿ ಎನ್ವಿಡಿಯಾ ಅದರಲ್ಲಿ 500 ಕೋಟಿ ಡಾಲರ್ ತೊಡಗಿಸುವುದಾಗಿ ಸಾರಿತು.

ಇಂಟೆಲ್ ಸೋತಿತು, ಎ.ಎಂ.ಡಿ. ಗೆದ್ದಿತು ಎಂದು ನಾವು ಸಂತೋಷಪಡಬೇಕೆ? ಇಲ್ಲ. ಇಂಟೆಲಿನ ಬಾಗಿಲು ಮುಚ್ಚಿದರೆ ಎ.ಎಂ.ಡಿ.ಯೇ ಊರಿನ ಒಂಟಿ ಅಂಗಡಿಯಾಗುತ್ತದೆ. ಒಂಟಿ ಅಂಗಡಿಯ ಗುಣ ಯಜಮಾನನ ಹೆಸರು ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ.

ಈಗಾಗಲೇ ಅಂತಹ ಒಂಟಿ ಅಂಗಡಿಯೊಂದು ಈ ಪೇಟೆಯ ತಳದಲ್ಲಿ ನಿಂತಿದೆ. ಎ.ಎಂ.ಡಿ., ಆಪಲ್, ಎನ್ವಿಡಿಯಾ, ಕ್ವಾಲ್‌ಕಾಂ ಮೊದಲಾದ ಕಂಪೆನಿಗಳು ಚಿಪ್ಪುಗಳ ನಕ್ಷೆಯನ್ನು ಬರೆಯುತ್ತವೆಯೇ ಹೊರತು ಅವುಗಳನ್ನು ತಾವು ತಯಾರಿಸುವುದಿಲ್ಲ. ಅವುಗಳಲ್ಲಿ ಅತಿ ಸೂಕ್ಷ್ಮವಾದವನ್ನು ಬಹುಮಟ್ಟಿಗೆ ತಯಾರಿಸಿಕೊಡುವುದು ಮಾರಿಸ್ ಚಾಂಗ್ 1987ರಲ್ಲಿ ತೈವಾನಿನಲ್ಲಿ ಸ್ಥಾಪಿಸಿದ ಟಿ.ಎಸ್.ಎಂ.ಸಿ. ಸಂಸ್ಥೆ. 2024ರಲ್ಲಿ ಇಂಟೆಲ್ ಕೂಡ ತನ್ನ ಕೆಲವು ಪ್ರೊಸೆಸರುಗಳ ಮುಖ್ಯ ಭಾಗವನ್ನು ಅಲ್ಲಿಯೇ ಮಾಡಿಸಿಕೊಂಡಿತು. ಆ ಕೆಲಸಕ್ಕೆ ಬೇಕಾದ ಅತಿ ಸೂಕ್ಷ್ಮ ಬೆಳಕಿನ ಯಂತ್ರವನ್ನು ಮಾಡಬಲ್ಲದ್ದು ನೆದರ್ಲೆಂಡಿನ ಎ.ಎಸ್.ಎಂ.ಎಲ್. ಒಂದೇ. ಸಂತೆಯಲ್ಲಿ ಹತ್ತು ಮಂದಿ ಮಡಕೆ ಮಾರುತ್ತಿದ್ದಾರೆ. ಸುಡುವ ಆವಿಗೆ ಮಾತ್ರ ಒಂದೇ. ಆ ಆವಿಗೆಯಿರುವ ದ್ವೀಪವೋ ಭೂಕಂಪದ ನಾಡು. ಚೀನಾದೊಡನೆ ತೀರದ ವ್ಯಾಜ್ಯವೂ ಅದಕ್ಕಿದೆ. ಆದುದರಿಂದಲೇ ಇಂಟೆಲ್ ಅಮೆರಿಕೆಯ ಅರಿಝೋನಾದಲ್ಲಿ 18ಎ ಎಂಬ ಹೊಸ ವಿಧಾನದಿಂದ ತಯಾರಿಕೆಗಿಳಿದುದನ್ನು ಎದುರಾಳಿಗಳೂ ಕುತೂಹಲದಿಂದ ನೋಡುತ್ತಿದ್ದಾರೆ. ಅದು ಸಫಲವಾದರೆ ಎರಡನೆಯ ಆವಿಗೆಯೊಂದು ಹೊತ್ತಿಕೊಂಡಂತೆ.

ಹೊಸ ಅಂಗಡಿಗಳೂ ತೆರೆದಿವೆ. ಆಪಲ್ 2020ರಲ್ಲಿ ಇಂಟೆಲನ್ನು ಬಿಟ್ಟು, ಮೊಬೈಲ್ ಫೋನುಗಳಲ್ಲಿ ಹೆಸರಾದ ಆರ್ಮ್ ಎಂಬ ಬೇರೊಂದು ಭಾಷೆಯ ಪ್ರೊಸೆಸರನ್ನು ತನ್ನ ಗಣಕಯಂತ್ರಗಳಿಗೆ ತಾನೇ ರೂಪಿಸಿಕೊಂಡಿತು. 2024ರಲ್ಲಿ ಕ್ವಾಲ್‌ಕಾಂ ಅದೇ ಭಾಷೆಯ ಹೊಸ ಪ್ರೊಸೆಸರುಗಳೊಡನೆ ಲ್ಯಾಪ್‌ಟಾಪಿನ ಕಣಕ್ಕಿಳಿಯಿತು. ಯಾರಿಗೂ ಪರವಾನಗಿ ಹಣ ತೆರದೆ ಬಳಸಬಹುದಾದ ರಿಸ್ಕ್-ಫೈವ್ ಎಂಬ ಭಾಷೆ 2010ರಲ್ಲಿ ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು, ಮದರಾಸಿನ ಐ.ಐ.ಟಿ.ಯ ‘ಶಕ್ತಿ’ ಪ್ರೊಸೆಸರ್ ಈ ಭಾಷೆಯದೇ. ಇವುಗಳಲ್ಲಿ ಎಷ್ಟು ಬಾಳುತ್ತವೆ, ಎಷ್ಟು ಅಳಿಯುತ್ತವೆ ಎಂಬುದನ್ನು ಕಾಲವೇ ಹೇಳಬೇಕು. ಬಂದವರೆಲ್ಲರೂ ಉಳಿಯದಿದ್ದರೂ, ಬರುವ ದಾರಿ ತೆರೆದಿರುವುದು ಮುಖ್ಯ.

ಈ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. 2008ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರ್‌ಗಳ ಝೀಯಾನ್ 7400 ಪ್ರೊಸೆಸರ್ ರೂಪುಗೊಂಡುದು ಬೆಂಗಳೂರಿನಲ್ಲಿ. 2023ರ ನವೆಂಬರಿನಲ್ಲಿ ಎ.ಎಂ.ಡಿ. ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದುದೂ ಅದೇ ಊರಿನಲ್ಲಿ. ಎದುರಾಳಿಗಳಿಬ್ಬರೂ ಒಂದೇ ಊರಿನಲ್ಲಿ ಬುದ್ಧಿವಂತರನ್ನು ಹುಡುಕುತ್ತಿದ್ದಾರೆಂದರೆ ಅದು ಕಲಿತ ಮಕ್ಕಳಿಗೆ ಭಾಗ್ಯ. ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ತಟ್ಟಬಹುದು. ಆದರೆ ಮಕ್ಕಳಿಗೆ ಒಂದು ಮಾತನ್ನು ಹೇಳಬೇಕು. ಒಂದು ಕಂಪೆನಿಯ ಒಂದು ಯಂತ್ರವನ್ನು ನಡೆಸಲು ಮಾತ್ರ ಕಲಿತವನ ವಿದ್ಯೆ ಆ ಕಂಪೆನಿಯೊಡನೆಯೇ ಮುಪ್ಪಾಗುತ್ತದೆ. ಗಣಿತವನ್ನೂ ಭೌತಶಾಸ್ತ್ರವನ್ನೂ ಗಟ್ಟಿಯಾಗಿ ಕಲಿತವನು ಯಾವ ಬಾಗಿಲಿನಿಂದಲಾದರೂ ಒಳಗೆ ಹೋಗಬಲ್ಲ.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ಲ್ಯಾಪ್‌ಟಾಪ್ ಕೊಳ್ಳುವಾಗ ಹೆಸರಿಗೆ ಮರುಳಾಗಬೇಡಿ. ಎರಡು ಕಂಪೆನಿಗಳಲ್ಲಿಯೂ ಒಳ್ಳೆಯದೂ ಇದೆ, ಸಾಧಾರಣವೂ ಇದೆ. ಅಂಗಡಿಯವನು 5, 7 ಎಂಬ ಅಂಕೆಗಳನ್ನು ತೋರಿಸಿ, ದೊಡ್ಡ ಅಂಕೆಯೇ ಒಳ್ಳೆಯದೆಂದಾನು. ಐದಾರು ವರ್ಷ ಹಿಂದಿನ 7ಕ್ಕಿಂತ ಹೊಸ 5 ಅನೇಕ ವೇಳೆ ಮೇಲು. ಹಳೆಯ ವಿನ್ಯಾಸಕ್ಕೆ ಹೊಸ ಅಂಕೆಯ ಅಂಗಿ ತೊಡಿಸಿ ಮಾರುವ ರೂಢಿ ಎರಡು ಕಂಪೆನಿಗಳಲ್ಲಿಯೂ ಉಂಟು. ಆದುದರಿಂದ ಪ್ರೊಸೆಸರಿನ ಪೂರ್ಣ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಅದರ ವಿನ್ಯಾಸ ಯಾವ ವರ್ಷದ್ದೆಂಬುದನ್ನು ತಿಳಿದವರಿಂದ ವಿಚಾರಿಸಿ. ಓದು, ಬರಹ, ಲೆಕ್ಕಪತ್ರ, ಸಾಮಾನ್ಯ ಪ್ರೋಗ್ರಾಮ್ ರಚನೆ ಇವುಗಳಿಗೆ ಮಧ್ಯಮ ದರ್ಜೆಯ ಪ್ರೊಸೆಸರ್ ಧಾರಾಳವಾಗಿ ಸಾಕು. ಅಲ್ಲಿ ಉಳಿದ ಹಣವನ್ನು ಮೆಮೊರಿಗೆ ಹಾಕಿದರೆ ಯಂತ್ರ ಹೆಚ್ಚು ವರ್ಷ ಬಾಳುತ್ತದೆ. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳು ಮೆಮೊರಿಯನ್ನು ಸೂರೆಗೊಂಡುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ತೀವ್ರವಾಗಿ ಏರಿತು. ಮೆಮೊರಿಯ ಪೇಟೆಯಲ್ಲಿ ದೊಡ್ಡ ಕಂಪೆನಿಗಳಿರುವುದು ಮೂರೇ. ಅಂಗಡಿಗಳು ಕಡಿಮೆಯಾದಲ್ಲಿ ಬೆಲೆಯೇರುವುದು ಎಷ್ಟು ಸುಲಭ ನೋಡಿ! ಆದುದರಿಂದ ಕೊಳ್ಳುವ ಮುನ್ನ ಕನಿಷ್ಠ ಎರಡು ಕಡೆ ಧಾರಣೆ ಕೇಳಿ. ರಶೀದಿಯನ್ನೂ ಗ್ಯಾರಂಟಿ ಕಾಗದವನ್ನೂ ಮನೆಯ ತೆರಿಗೆ ಚೀಟಿಯೊಡನೆ ಜೋಪಾನವಾಗಿಡಿ. ರಿಪೇರಿಯ ಕೇಂದ್ರ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆಯೇ ಎಂಬುದನ್ನೂ ನೋಡಿ. ಹಳ್ಳಿಯಲ್ಲಿರುವವನಿಗೆ ಪ್ರೊಸೆಸರಿನ ವೇಗಕ್ಕಿಂತ ಇದು ಮುಖ್ಯ.

ಹೀಗೆ ವಿಚಾರಿಸಿ ಯಾವುದನ್ನು ಆರಿಸಿದರೂ ಬಾಧಕವಿಲ್ಲ. ವರ್ತಕರ ಜಗಳದಲ್ಲಿ ನಾವು ಪಕ್ಷ ಕಟ್ಟಬೇಕಾಗಿಲ್ಲ. ಇಂಟೆಲ್ ತೆಗೆದುಕೊಂಡವರು ಎ.ಎಂ.ಡಿ. ಬಾಳಲೆಂದು ಹಾರೈಸಲಿ, ಎ.ಎಂ.ಡಿ. ತೆಗೆದುಕೊಂಡವರು ಇಂಟೆಲ್ ಚೇತರಿಸಿಕೊಳ್ಳಲೆಂದು ಹಾರೈಸಲಿ. ಇಂದು ಕಾಲೇಜಿಗೆ ಹೋಗುವ ಮಗಳ ತಮ್ಮ ನಾಲ್ಕು ವರ್ಷಗಳ ಅನಂತರ ಅಂಗಡಿಗೆ ಹೋದಾಗ, ಅವನಿಗೆ ಸಿಗುವ ಬೆಲೆ ಆ ಹಾರೈಕೆ ಎಷ್ಟರಮಟ್ಟಿಗೆ ನಿಜವಾಯಿತೆಂಬುದನ್ನೇ ಅವಲಂಬಿಸಿರುತ್ತದೆ.